ಅಟ್ಟದ ನಲವತ್ತೆಂಟು ಕುದುರೆಗಳು

ಹಳ್ಳಿಯ ಕಥೆಗಳಲ್ಲಿ ರಾಜಕುಮಾರನನ್ನು ಏಳು ಸಮುದ್ರ ದಾಟಿಸುವುದು ಪಂಚಕಲ್ಯಾಣಿ ಕುದುರೆ. ನಾಲ್ಕು ಕಾಲೂ ಬಿಳಿ, ಹಣೆಯ ಮೇಲೊಂದು ಬಿಳಿ ಪಟ್ಟೆ. ಅಂಥ ಕುದುರೆ ಸಿಕ್ಕವನಿಗೆ ರಾಜ್ಯವೂ ಸಿಕ್ಕೀತು, ರಾಜಕುಮಾರಿಯೂ ಸಿಕ್ಕಾಳು ಎನ್ನುತ್ತಾರೆ ಹಿರಿಯರು. ಹಂಸಾಳ ಗಾಜಿನ ಬೀರುವಿನಲ್ಲಿ ಅಂಥವು ಇಪ್ಪತ್ತಮೂರಿದ್ದವು. ಎಲ್ಲವೂ ಅಂಗೈಯಗಲದ ಪ್ಲಾಸ್ಟಿಕ್ ಕುದುರೆಗಳು, ನೈಲಾನ್ ದಾರದ ಕೇಸರದವು. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ‘ಪಂಚಕಲ್ಯಾಣಿ ಟೀ’ ಎಂಬ ಕಂಪನಿಯೊಂದು ಅರ್ಧ ಕೇಜಿ ಪ್ಯಾಕೆಟ್ಟಿಗೆ ಒಂದು ಕುದುರೆ ಬಿಟ್ಟಿ ಎಂದು ಊರೂರಿನಲ್ಲಿ ಮೈಕು ಕಟ್ಟಿಸಿ ಸಾರಿತ್ತು. ಆ ಕಂಪನಿ ಮುಚ್ಚಿ ಮೂವತ್ತು ವರ್ಷ ಕಳೆದಿತ್ತು. ಅದರ ಟೀಯ ರುಚಿ ಯಾರಿಗೂ ನೆನಪಿರಲಿಲ್ಲ. ಕುದುರೆಗಳು ಮಾತ್ರ ಅಲ್ಲೊಂದು ಇಲ್ಲೊಂದು ಉಳಿದಿದ್ದವು.

ಹಂಸ ಹಾಸನದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಟೀಚರು. ವಯಸ್ಸು ನಲವತ್ತಾರು, ಮದುವೆಯ ಗೋಜಿಗೆ ಹೋದವಳಲ್ಲ. ವಿದ್ಯಾನಗರದ ಮನೆಯಲ್ಲಿ ಅವಳು ಮತ್ತು ಅವಳ ತಾಯಿ ಶ್ರೀರಂಗಮ್ಮ. ಬೇಸಿಗೆ ಬಂತೆಂದರೆ ಹಳೆಯ ಪ್ಲಾಸ್ಟಿಕ್ಕು ಬೆವರುತ್ತದೆ, ಮುಟ್ಟಿದರೆ ಬೆಲ್ಲದ ಹಾಗೆ ಅಂಟುತ್ತದೆ. ಆಗ ಹಂಸ ಒಂದೊಂದೇ ಕುದುರೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಗೊರಸಿನ ಸಂದಿಯನ್ನೂ ಬಿಡದೆ ತಿಕ್ಕಿ, ನೆರಳಲ್ಲಿ ಆರಿಸಿ, ಹೆಬ್ಬೆರಳುದ್ದದ ಗುಲಾಬಿ ಬಾಚಣಿಗೆಯಲ್ಲಿ ಕೇಸರ ಬಾಚುತ್ತಿದ್ದಳು. ಆ ಬಾಚಣಿಗೆಯೂ ಕುದುರೆಯ ಜೊತೆಗೇ ಬಂದದ್ದು.

“ಸಾಲಿಗ್ರಾಮಕ್ಕೂ ಇಷ್ಟು ಅಭಿಷೇಕ ಆಗಲ್ಲ ಕಣೆ ನಮ್ಮನೇಲಿ,” ಎಂದು ಶ್ರೀರಂಗಮ್ಮ ಹೂಬತ್ತಿ ಹೊಸೆಯುತ್ತಾ ಅನ್ನುವರು.

“ಸಾಲಿಗ್ರಾಮ ಬೆವರಲ್ಲಮ್ಮ. ಇವು ಬೆವರ್ತವೆ.”

ಹಳೇ ಆಟಿಕೆ ಕೂಡಿಡುವವರದೊಂದು ವಾಟ್ಸಾಪ್ ಬಳಗವಿತ್ತು. ಮೈಸೂರು, ತುಮಕೂರು, ದಾವಣಗೆರೆಯವರೆಲ್ಲ ಅದರಲ್ಲಿದ್ದರು. ಅವರೆಲ್ಲ ಸೀಲ್ ಒಡೆಯದ ಕುದುರೆಗಾಗಿ ಕಚ್ಚಾಡುತ್ತಿದ್ದರೆ ಹಂಸ ಕೇಳುತ್ತಿದ್ದುದು ಒಂದೇ: ನಾಮಕರಣದ ಚೀಟಿ ಇದೆಯೇ? ಪ್ರತಿ ಕುದುರೆಗೂ ಅಂಥದೊಂದು ಚೀಟಿ ಇರುತ್ತಿತ್ತು. ಕುದುರೆಗೆ ಹೆಸರಿಟ್ಟು, ಅದನ್ನು ಚೀಟಿಯಲ್ಲಿ ಬರೆದು ಕಂಪನಿಗೆ ಅಂಚೆಯಲ್ಲಿ ಕಳಿಸಿದರೆ ರಟ್ಟಿನ ಲಾಯವೊಂದು ಮನೆಗೆ ಬರುವುದೆಂಬ ಮಾತು. ಚೀಟಿಯ ಮೂಲೆಯಲ್ಲಿ ಅಂಗಡಿಯವನು ಮೊಹರು ಒತ್ತಲೊಂದು ಚೌಕ. ಮಂಡ್ಯದ ಮೊಹರಿನ ಚೀಟಿ ಹಂಸಾಳಿಗೆ ಸಿಕ್ಕಿತ್ತು, ಅರಸೀಕೆರೆಯದೂ ಸಿಕ್ಕಿತ್ತು. ಅರಕಲಗೂಡಿನಲ್ಲಿ ಹೋಟೆಲಿನ ಚಲುವಯ್ಯ ಎಂಬವರು ಗಲ್ಲಾಪೆಟ್ಟಿಗೆಯ ಮೇಲೆ ಹಸಿರು ಕುದುರೆಯೊಂದನ್ನು ಇಟ್ಟುಕೊಂಡಿದ್ದಾರೆಂದು ತಿಳಿದು ಅಲ್ಲಿಗೂ ಹೋಗಿ ಬಂದಿದ್ದಳು.

“ಇದ್ನ ಕೊಡಾಕಾಗಲ್ಲ ಕಣಮ್ಮ. ನಮ್ ಓಟ್ಲು ಯಾಪಾರ ಕಾಯೋದೇ ಇದು,” ಎಂದಿದ್ದರು ಚಲುವಯ್ಯ.

“ಕುದುರೆ ನಿಮ್ಮ ಹತ್ರಾನೇ ಇರ್ಲಿ. ಅದರ ಚೀಟಿ ಇದ್ರೆ ಕೊಡಿ.”

“ಅದೊಳ್ಳೆ ಕತೆಯಾಯ್ತು. ಕುದ್ರೆ ಬುಟ್ಟು ಲಗಾಮು ಕೇಳಾರ್ನ ಇವತ್ತೇ ನೋಡಿದ್ದು,” ಎಂದು ನಗುತ್ತಾ, ದೇವರ ಪಟದ ಹಿಂದಿನಿಂದ ಧೂಳು ಹಿಡಿದ ಚೀಟಿಯನ್ನು ತೆಗೆದುಕೊಟ್ಟಿದ್ದರು. ಅದರ ಮೊಹರು ಅರಕಲಗೂಡಿನದು. ಹಂಸಾಳಿಗೆ ಬೇಕಾಗಿದ್ದುದು ಹೊಳೆನರಸೀಪುರದ್ದು.

ಆ ಊರಿನ ಮೊಹರೇ ಏಕೆ ಬೇಕು ಎಂಬುದಕ್ಕೆ ಮೂವತ್ತಾರು ವರ್ಷ ಹಿಂದೆ ಹೋಗಬೇಕು.

ಆಗ ಅವಳಿಗೆ ಹತ್ತು ವರ್ಷ. ತಂದೆ ಯೋಗಾನರಸಿಂಹಯ್ಯ ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ತಲೆಮಾರುಗಳಿಂದ ನರಸಿಂಹಸ್ವಾಮಿಯ ಸೇವೆ ಮಾಡಿಕೊಂಡು ಬಂದ ವಂಶ. ಅವರ ಮನೆಯಲ್ಲಿ ಕಾಫಿ ಬಿಟ್ಟರೆ ಬೇರೆ ಮಾತಿಲ್ಲ, ಟೀ ಪುಡಿ ಹೊಸ್ತಿಲು ದಾಟಿದ್ದೇ ಇಲ್ಲ. ಹಂಸ ಒಂದು ತಿಂಗಳು ಕಾಡಿ, ಅತ್ತು, ಒಂದು ಹೊತ್ತಿನ ಊಟ ಬಿಟ್ಟು, ಕೊನೆಗೆ ತರಗತಿಗೆ ಮೊದಲನೆಯವಳಾಗಿ ಬಂದ ಮೇಲೆ ತಂದೆ ಕರಗಿದರು. ಸಂತೆಯ ದಿನ ಅವಳ ಕೈ ಹಿಡಿದು ಪೇಟೆ ಬೀದಿಯ ದೊಡ್ಡಯ್ಯನವರ ಸಿದ್ದೇಶ್ವರ ಸ್ಟೋರ್ಸಿಗೆ ಕರೆದೊಯ್ದರು. ಟೀ ಪ್ಯಾಕೆಟ್ಟು ಕೈಗೆ ಬಂತು, ಕುದುರೆ ಬರಲಿಲ್ಲ.

“ಕಂಪ್ನಿಯಿಂದ ಬಂದಿಲ್ಲ ಸ್ವಾಮಿ,” ಎಂದರು ದೊಡ್ಡಯ್ಯ.

ಗಿರಾಕಿಗಳ ಕಾಲ ಸಂದಿಯಲ್ಲಿ ನುಸುಳಿದ್ದ ಹುಡುಗಿಗೆ ಕಟ್ಟೆಯ ಕೆಳಗೆ, ಬೆಲ್ಲದಚ್ಚುಗಳ ಹಿಂದೆ, ಬಾಯಿ ತೆರೆದ ರಟ್ಟಿನ ಡಬ್ಬ ಕಂಡಿತು. ಡಬ್ಬದಿಂದ ಕೆಂಪು ಕುದುರೆಯೊಂದು ಮೂತಿ ಹೊರಗಿಟ್ಟು ಅವಳನ್ನೇ ನೋಡುತ್ತಿತ್ತು.

“ಸುಳ್ಳು. ಅಲ್ಲೇ ಇದೆ. ನೀವು ಕಳ್ಳರು,” ಎಂದಳು ಹಂಸ.

ಅಂಗಡಿಯ ತುಂಬ ಸಂತೆಯ ಜನ. ಯಾರೋ ನಕ್ಕರು, ಯಾರೋ ‘ಏನಂತೆ, ಏನಂತೆ’ ಎಂದು ಕತ್ತು ಚಾಚಿದರು. ದೊಡ್ಡಯ್ಯನವರ ಮುಖ ಕಪ್ಪಿಟ್ಟಿತು. ಅವರು ತಕ್ಕಡಿಯ ಮೇಲೆ ಕೈಯಿಟ್ಟು, “ನರಸಿಂಹಸ್ವಾಮಿ ಆಣೆಗೂ ಬಂದಿಲ್ಲ,” ಎಂದುಬಿಟ್ಟರು.

ವ್ಯಾಪಾರಸ್ಥ ತಕ್ಕಡಿ ಮುಟ್ಟಿ ಊರದೇವರ ಮೇಲೆ ಆಣೆಯಿಟ್ಟ ಮೇಲೆ ಮಾತಿಗೆ ಜಾಗವಿಲ್ಲ. ಯೋಗಾನರಸಿಂಹಯ್ಯ ಟೀ ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಮಗಳ ರಟ್ಟೆ ಹಿಡಿದು ನೇರವಾಗಿ ದೇವಸ್ಥಾನಕ್ಕೆ ನಡೆದರು. ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ, ಅರ್ಚಕರಿಂದ ತಗ್ಗಿದ ದನಿಯಲ್ಲಿ ಸಂಕಲ್ಪ ಹೇಳಿಸಿ, ಆ ಗಂಟನ್ನು ಅವಳ ಕೈಯಿಂದಲೇ ಹುಂಡಿಗೆ ಹಾಕಿಸಿದರು. ತಪ್ಪು ಮಾಡಿದವರು ಹಾಕುವ ಕಾಣಿಕೆ, ತಪ್ಪುಕಾಣಿಕೆ. ಸಂತೆಗೆ ಬಂದವರಲ್ಲಿ ಅರ್ಧ ಮಂದಿ ಅದನ್ನು ನೋಡಿದರು. ಮಾರನೆಯ ದಿನದಿಂದ ಶಾಲೆಯಲ್ಲಿ ಅವಳ ಹೆಸರು ತಪ್ಪುಕಾಣಿಕೆ ಹಂಸ. ಹಾಗೆಂದು ಕೂಗುತ್ತಿದ್ದವರು ದೊಡ್ಡವರಾದರು, ಹೆಸರೂ ಅವರ ಜೊತೆ ದೊಡ್ಡದಾಯಿತು. ಮದುವೆಮನೆಗಳಲ್ಲಿ, ಮುಂಜಿಮನೆಗಳಲ್ಲಿ, ತಂದೆಯ ವೈಕುಂಠ ಸಮಾರಾಧನೆಯ ದಿನವೂ ಯಾರೋ ಒಬ್ಬರು ಎಲೆಯ ಮುಂದೆ ಕೂತು, “ಅದೇ ಕಣ್ರೀ, ದೊಡ್ಡಯ್ಯನಂಥ ಸತ್ಯವಂತನ್ನ ಕಳ್ಳ ಅಂದಿದ್ಲಲ್ಲ ಆ ಮಗು,” ಎಂದು ನಕ್ಕಿದ್ದರು. ಮನೆಯಲ್ಲಿ ಯಾರೂ ಆ ಮಾತನ್ನು ತಡೆಯಲಿಲ್ಲ.

ಆದ್ದರಿಂದ ಅವಳ ಕುದುರೆಗಳು ಬರಿಯ ಆಟಿಕೆಗಳಲ್ಲ, ಸಾಕ್ಷಿ ಹೇಳಲು ಬಂದು ಸರದಿ ಕಾಯುತ್ತಿದ್ದವು. ಸಿದ್ದೇಶ್ವರ ಸ್ಟೋರ್ಸಿನ ಮೊಹರು ಬಿದ್ದ ಒಂದೇ ಒಂದು ಚೀಟಿ ಸಿಕ್ಕರೂ ಆ ಅಂಗಡಿಗೆ ಕುದುರೆ ಬಂದಿತ್ತೆಂದು ರುಜುವಾಗುತ್ತಿತ್ತು.

ಫಾಲ್ಗುಣದ ಒಂದು ಶನಿವಾರ ಬಳಗದಲ್ಲಿ ಚಿತ್ರವೊಂದು ಬಂತು. ಒಂದೇ ಡಬ್ಬದಲ್ಲಿ ನಲವತ್ತೆಂಟು ಕುದುರೆಗಳು, ಒಂದರ ಸೀಲೂ ಒಡೆದಿಲ್ಲ. ಹಾಕಿದವರು ಚನ್ನರಾಯಪಟ್ಟಣದ ಬಸವೇಶ. ದಾವಣಗೆರೆಯವರು ಅರ್ಧ ನಿಮಿಷದಲ್ಲಿ, ‘ನನಗೇ ಇರಲಿ’ ಎಂದು ಬರೆದರು. ಹಂಸ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಡಬ್ಬದ ಒಂದು ಬದಿಯಲ್ಲಿ ಮಸಿಯ ಅಕ್ಷರ ಅರ್ಧ ಕಾಣುತ್ತಿತ್ತು: ‘…ಳೆನರಸೀಪುರ’.

ಭಾನುವಾರ ಬೆಳಿಗ್ಗೆ ಏಳರ ಬಸ್ಸು ಹತ್ತಿ ಅವಳು ಚನ್ನರಾಯಪಟ್ಟಣದಲ್ಲಿ ಇಳಿದಳು.

ಬಸವೇಶನದು ಟೈಲ್ಸ್ ಅಂಗಡಿ, ಮನೆ ಅದರ ಮೇಲೆಯೇ. ಮೂವತ್ತಾರು ಮೂವತ್ತೇಳರ ಮನುಷ್ಯ. ನಗುಮುಖ, ಮಾತು ಸ್ವಲ್ಪ ಜಾಸ್ತಿ. “ಹೊಳೆನರಸೀಪುರದಲ್ಲಿದ್ದ ನಮ್ ಹಳೇ ಅಂಗಡಿ ಕೆಡವಿಸ್ದಾಗ ಅಟ್ಟದ ಮೇಲೆ ಸಿಕ್ತು ಮೇಡಂ. ಮಿಂಟ್ ಕಂಡೀಷನ್ನು. ಅಷ್ಟು ವರ್ಷದಿಂದ ಒಬ್ರೂ ಕೈ ಮುಟ್ಟಿಲ್ಲ. ಬಾಚಣಿಗೆ ಐತೆ, ಚೀಟಿ ಐತೆ, ಅಂಗಡಿಗೆ ನೇತಾಕೋ ತಗಡಿನ ಬೋರ್ಡೂ ಐತೆ. ದಾವಣಗೆರೆಯೋರು ಕೇಳ್ತಾವ್ರೆ, ಆದ್ರೂ ನೀವು ನಮ್ ಜಿಲ್ಲೆಯೋರು…”

ಅವನು ಮಾತಾಡುತ್ತಲೇ ಇದ್ದ. ಹಂಸ ಡಬ್ಬದ ಮೂಲೆಯಲ್ಲಿದ್ದ ಚೀಟಿಗಳ ಕಟ್ಟನ್ನು ಎತ್ತಿಕೊಂಡಳು. ಕಟ್ಟಿದ್ದ ರಬ್ಬರ್ ಬ್ಯಾಂಡು ಕೈ ತಾಗಿದ್ದೇ ಪುಡಿಯಾಯಿತು. ಮೊದಲ ಚೀಟಿಯ ಚೌಕದಲ್ಲಿ ನೇರಳೆ ಮಸಿಯ ಮೊಹರು: ಶ್ರೀ ಸಿದ್ದೇಶ್ವರ ಸ್ಟೋರ್ಸ್, ಪೇಟೆ ಬೀದಿ, ಹೊಳೆನರಸೀಪುರ. ಎರಡನೆಯದರಲ್ಲೂ ಅದೇ, ಹತ್ತನೆಯದರಲ್ಲೂ ಅದೇ. ಯಾರೋ ನಿಧಾನವಾಗಿ ಕೂತು, ಒಂದೂ ಓರೆಯಾಗದ ಹಾಗೆ ನಲವತ್ತೆಂಟಕ್ಕೂ ಒತ್ತಿದ್ದರು.

ಖುಷಿಯಾಗುತ್ತದೆಂದು ಅವಳು ಎಣಿಸಿದ್ದಳು. ಆಗಲಿಲ್ಲ. ಬಂದದ್ದು ಸಿಟ್ಟು. ಹುಡುಕುವುದರಲ್ಲೇ ಇಷ್ಟು ವರ್ಷ ಕಳೆದಿದ್ದರಿಂದ, ಒಳಗೆ ಎಷ್ಟು ಸಿಟ್ಟು ಕೂತಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

“ನಿಮ್ಮ ತಂದೆ ದೊಡ್ಡಯ್ಯನವರಾ?”

“ಹೂಂ ಮೇಡಂ.”

“ಇದ್ದಾರಾ?”

“ಅವ್ರೆ. ಮೇಲ್ಗಡೆ. ಯಾಕ್ ಮೇಡಂ?”

ಅವಳು ಚೀಟಿಯ ಕಟ್ಟನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಬಸವೇಶ ಹಿಂದೆಯೇ ಓಡಿಬಂದ.

ದೊಡ್ಡಯ್ಯನವರಿಗೆ ಎಂಬತ್ನಾಲ್ಕು. ಆಗತಾನೆ ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ಒದ್ದೆ ವಿಭೂತಿಯಿಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು.

“ಯಾರ್ ಮಗ್ಳವ್ವ?” ಎಂದರು.

“ತಾಲ್ಲೂಕು ಕಚೇರಿ ಯೋಗಾನರಸಿಂಹಯ್ಯನವರ ಮಗಳು. ನಿಮ್ಮನ್ನ ಕಳ್ಳ ಅಂದಿದ್ದೋಳು.”

ಮುದುಕರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವಳ ಕೈಯಲ್ಲಿದ್ದ ಕಟ್ಟನ್ನು ನೋಡಿದರು, ಮಗನ ಮುಖವನ್ನು ನೋಡಿದರು. “ಆ ಡಬ್ಬ ಕೆಳೀಕ್ ಇಳಿಸ್ದೇನ್ಲಾ?” ಎಂದರು. ಅವನು ತಲೆಯಾಡಿಸಿದ. “ಬತ್ತೀಯ ಅಂತ ಕಾಯ್ತಿದ್ದೆ ಅನ್ನಾಕಿಲ್ಲ ಕಣವ್ವ. ಬರ್ದಿದ್ರೆ ಸಾಕು ಅಂತಿದ್ದೆ. ಕೂತ್ಕೋ.”

“ಕೂರಲ್ಲ. ಯಾಕೆ ಕೊಡ್ಲಿಲ್ಲ ಹೇಳಿ.”

“ಇನ್ನೂರು ಪಾಕೀಟು ಪುಡಿ ಕಳ್ಸಿದ್ರು, ಕುದ್ರೆ ನಲವತ್ತೆಂಟೇ ಕಳ್ಸಿದ್ರು. ಚೀಟಿಗೆಲ್ಲಾ ಸೀಲ್ ಒತ್ತಿ ಕೂತೆ. ಆಮ್ಯಾಕೆ ಯೋಚ್ನೆ ಬಂತು, ಯಾರ್ಗೆ ಕೊಡ್ಲಿ, ಯಾರ್ಗೆ ಬುಡ್ಲಿ? ಗೌಡ್ರ ಮಗೀಗೆ ಕೊಟ್ಟು ಮಡಿವಾಳ್ರ ಮಗೀಗೆ ಇಲ್ಲ ಅನ್ಲಾ? ಮಿಕ್ಕಿದ್ದು ಬರೋಗಂಟ ಬಂದೇ ಇಲ್ಲ ಅಂದ್ಬುಡಾವ ಅನ್ಕಂಡೆ. ಮಿಕ್ಕಿದ್ದು ಬರ್ಲೇ ಇಲ್ಲ.”

“ಅದು ಸುಳ್ಳು ಹೇಳಿದ್ದಕ್ಕಾಯ್ತು. ಆಣೆ?”

ದೊಡ್ಡಯ್ಯ ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟರು. “ಅದನ್ನೇ ಏಳ್ಬೇಕು. ಅಷ್ಟು ಜನದ ಮುಂದೆ ಕಳ್ಳ ಅಂದೆ ನೀನು. ಬಾಯಿಂದ ಆಣೆ ಬಂದೇಬುಡ್ತು. ನನ್ನ ಲಿಂಗದ ಮ್ಯಾಲೆ ಇಡಾಕೆ ನಾಲ್ಗೆ ಏಳ್ಳಿಲ್ಲ. ನಿಮ್ ದೇವ್ರಲ್ವಾ, ಅಷ್ಟಾಗಿ ತಟ್ಟಾಕಿಲ್ಲ ಅನ್ಕಂಡು ನರಸಿಂಹಸ್ವಾಮಿ ಮ್ಯಾಲೆ ಇಟ್ಬುಟ್ಟೆ. ಕೆಟ್ಟ ಬುದ್ಧಿ. ದೇವ್ರಲ್ಲಿ ನಮ್ದು ನಿಮ್ದು ಅಂತ ಐತಾ? ಆಣೆ ಇಟ್ಮ್ಯಾಲೆ ಒಂದ್ ಕುದ್ರೆ ಈಚೆಗೆ ಬಂದ್ರೂ ನಾನು ಕೆಟ್ಟೆ. ಮಾರಂಗಿಲ್ಲ, ಕೊಡಂಗಿಲ್ಲ, ಸುಡಾಕೂ ಧೈರ್ಯ ಇಲ್ಲ. ಅಟ್ಟಕ್ಕಾಕ್ದೆ.”

ಬಳಗದವರು ಬಾಯಿ ಚಪ್ಪರಿಸುತ್ತಿದ್ದ ಆ ಹೊಸತನದ ಮರ್ಮ ಇಷ್ಟೇ. ಒಂದು ಸುಳ್ಳಾಣೆ ಅಟ್ಟದ ಬಾಗಿಲಲ್ಲಿ ಕಾವಲು ಕೂತು ಕುದುರೆಗಳ ಮೇಲೆ ಒಂದು ಗೀರೂ ಬೀಳದ ಹಾಗೆ ನೋಡಿಕೊಂಡಿತ್ತು.

“ನಾನು ಕಾಣಿಕೆ ಹಾಕಿದ್ದು ಗೊತ್ತಾ ನಿಮಗೆ?”

“ಗೊತ್ತವ್ವ. ಅವತ್ತೇ ಜನ ಬಂದು ಏಳುದ್ರು.”

“ಆವತ್ತು ಬಾಯಿ ಬಿಡಬಹುದಿತ್ತಲ್ಲ.”

“ಬುಡ್ಬೌದಿತ್ತು.”

ಆ ನೇರ ಉತ್ತರಕ್ಕೆ ಅವಳ ಸಿಟ್ಟು ಇನ್ನಷ್ಟು ಹೊತ್ತಿಕೊಂಡಿತು. ಜಗಳವಾಡುವವರ ಜೊತೆ ಜಗಳವಾಡಬಹುದು. ಒಪ್ಪಿಕೊಂಡು ಕೂತವರನ್ನು ಏನು ಮಾಡುವುದು?

“ಅಷ್ಟನ್ನೂ ತಕೊಂಡೋಗವ್ವ,” ಎಂದರು ದೊಡ್ಡಯ್ಯ. “ಬಸವೇಶ, ಕಟ್ಕೊಡ್ಲಾ.”

“ನನಗೆ ಕುದುರೆ ಬೇಡ. ಹತ್ತು ವರ್ಷದೋಳಿದ್ದಾಗ ಬೇಕಿತ್ತು. ಈಗ ನನ್ನಮ್ಮನ ಎದುರಿಗೆ ಬಂದು, ಇವಳು ಹೇಳಿದ್ದು ನಿಜ ಅಂತ ಹೇಳಿ. ಅಪ್ಪ ಹೋದ್ರು, ಅವರಿಗೆ ಕೇಳಿಸೋ ಹಾಗಿಲ್ಲ. ಅಮ್ಮನಿಗಾದ್ರೂ ಕೇಳಿಸ್ಲಿ.”

“ಮೇಡಂ, ಅಪ್ಪಾಜಿಗೆ ವಯಸ್ಸಾಯ್ತು. ಫೋನಲ್ಲಿ…” ಎಂದ ಬಸವೇಶ.

“ಫೋನಲ್ ಏಳೋ ಮಾತೇನ್ಲಾ ಇದು? ಆ ಡಬ್ಬಾನೂ ಮಡಿಕ್ಕಂಡು ಕಾರ್ ತಗಿ,” ಎಂದು ದೊಡ್ಡಯ್ಯ ಕೋಲು ಊರಿ ಎದ್ದರು.

ಮೂವರೂ ಹಾಸನದ ದಾರಿ ಹಿಡಿದರು. ಶಾಂತಿಗ್ರಾಮ ದಾಟಿ ಬೂವನಹಳ್ಳಿಯ ಹತ್ತಿರ ಬಂದಾಗ ಬಸವೇಶ, “ಏರ್‌ಪೋರ್ಟ್ ಆಗ್ಬುಟ್ರೆ ಇಲ್ಲೆಲ್ಲಾ ಟೈಲ್ಸಿಗೆ ಒಳ್ಳೆ ವ್ಯಾಪಾರ,” ಎಂದ. ಹಿಂದಿನ ಸೀಟಿನಲ್ಲಿ ಹಂಸ ಚೀಟಿಗಳನ್ನು ಮಡಿಲಲ್ಲಿಟ್ಟುಕೊಂಡು, ಅಮ್ಮನ ಮುಖ ಹೇಗಾಗುತ್ತದೆಂದು ಮನಸ್ಸಿನಲ್ಲೇ ನೋಡುತ್ತಿದ್ದಳು. ಬೆಚ್ಚುತ್ತಾಳೆ. ಅಳುತ್ತಾಳೆ. ‘ಅಯ್ಯೋ ಮಗಳೇ, ನಿನ್ನ ಮಾತು ನಂಬಲಿಲ್ಲವಲ್ಲ’ ಎನ್ನುತ್ತಾಳೆ. ಆ ಒಂದು ಮಾತಿಗಾಗಿ ಅವಳು ಇಪ್ಪತ್ತಮೂರು ಕುದುರೆಗಳನ್ನು ಊರೂರಿನಿಂದ ಹೊತ್ತು ತಂದಿದ್ದಳು.

ಶ್ರೀರಂಗಮ್ಮ ಆಗತಾನೆ ಪಾರಾಯಣ ಮುಗಿಸಿ ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದರು. ಎಪ್ಪತ್ತೆಂಟರಲ್ಲೂ ಕಣ್ಣು ಚುರುಕು, ಬಾಗಿಲಲ್ಲೇ ಗುರುತು ಹಿಡಿದರು. “ದೊಡ್ಡಯ್ಯನವರಲ್ವಾ? ಬನ್ನಿ, ಬನ್ನಿ. ಕೂತ್ಕೊಳ್ಳಿ. ಇವನು ಕೈಗೂಸಾಗಿದ್ನಲ್ಲ, ಅವನಾ?”

“ಕೂರದಿರ್ಲಿ ಅಮ್ನೋರೆ. ಒಂದ್ ಮಾತು ಏಳಾಕ್ ಬಂದೆ.” ಮುದುಕರು ಕೈಮುಗಿದು ನಿಂತುಕೊಂಡೇ ಹೇಳಿದರು. ಡಬ್ಬ, ಬೆಲ್ಲದಚ್ಚು, ತಕ್ಕಡಿ, ಆಣೆ, ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. “ನಿಮ್ ಮಗ್ಳು ಏಳಿದ್ದು ದಿಟ. ಕಳ್ಳ ನಾನೇ.”

ಹಂಸ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಶ್ರೀರಂಗಮ್ಮ ಬೆಚ್ಚಲಿಲ್ಲ. ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು.

“ಹೋಗ್ಲಿ ಬಿಡಿ ದೊಡ್ಡಯ್ಯನವರೇ. ಅದು ನಮಗೆ ಆವತ್ತೇ ಗೊತ್ತಿತ್ತು.”

ಹಂಸ ಕೈಯಲ್ಲಿದ್ದ ಚೀಟಿಗಳನ್ನು ಕೆಳಗಿಟ್ಟಳು.

“ಏನು ಗೊತ್ತಿತ್ತು?” ಎಂದಳು ಹಂಸ.

“ನಿಮ್ಮಪ್ಪನೂ ನೋಡಿದ್ರಂತೆ ಕಣೆ ಆ ಡಬ್ಬಾನ. ಅವರಿಗೆ ನಿನಗಿಂತ ಚೆನ್ನಾಗಿ ಕಾಣಿಸ್ತಿತ್ತಲ್ಲ, ಎತ್ತರದಿಂದ. ಇವರು ಆಣೆ ಇಟ್ಟಿದ್ದೇ ತಡ ಅವರ ಜೀವ ಹೋದ ಹಾಗಾಯ್ತಂತೆ. ನಮ್ಮ ಸ್ವಾಮಿಯ ಮೇಲೆ ಸುಳ್ಳಾಣೆ, ಆ ಮನೇಲಿ ಹಸುಗೂಸು ಇದೆ, ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನಮಗೂ ಅದರ ಪಾಪ ಬರುತ್ತೆ ಅಂತ ಒದ್ದಾಡಿದ್ರು. ಅದಕ್ಕೇ ನೇರ ದೇವಸ್ಥಾನಕ್ಕೆ ಹೋಗಿದ್ದು. ಸಂಕಲ್ಪದಲ್ಲಿ ಹೇಳಿಸಿದ್ದು ನಿನ್ನ ಹೆಸರಲ್ಲ, ಇವರ ಹೆಸರು. ಏನೂ ಅರಿಯದ ಮಗುವಿನ ಕೈಯಿಂದ ಹಾಕಿಸಿದ್ರೆ ಸ್ವಾಮಿ ಬೇಗ ಶಾಂತನಾಗ್ತಾನೆ ಅಂತ ನಿನ್ನ ಕೈಯಿಂದ ಹಾಕಿಸಿದ್ರು. ನೋಡು, ಈ ಹುಡುಗ ಗಟ್ಟಿಮುಟ್ಟಾಗಿ ಬೆಳೆದು ನಿಂತಿದ್ದಾನೆ.”

ಬಸವೇಶ ತನ್ನ ಮೈಯನ್ನು ತಾನೇ ಒಮ್ಮೆ ನೋಡಿಕೊಂಡ.

ಹಂಸಾಳ ಬಾಯಿಂದ ಮಾತು ಹೊರಡುವ ಮೊದಲೇ ದೊಡ್ಡಯ್ಯನವರ ಕೋಲು ನೆಲಕ್ಕೆ ಕುಟ್ಟಿತು.

“ನನ್ ತಪ್ಗೆ ಕಾಣ್ಕೆ ಕಟ್ಟಾಕೆ ಅವ್ರ್ಯಾರು?” ಎಂದರು ಮುದುಕರು. “ನನ್ನೊಂದ್ ಮಾತು ಕೇಳ್ಬೇಕಾಗಿತ್ತಾ ಬ್ಯಾಡ್ವಾ? ದಿನಾ ಬೆಳಗಾನೆ ಅಂಗೈ ಮೇಲೆ ಲಿಂಗ ಮಡಿಕ್ಕಂಡ್ರೆ ಆ ತಕ್ಕಡಿ ಕಣ್ಮುಂದೆ ಬತ್ತಿತ್ತು ಅಮ್ನೋರೆ. ಈ ನನ್ ಮಗಂಗೆ ಒಂದ್ ಜ್ವರ ಬಂದ್ರೆ, ಬಂತು ಕಣಪ್ಪಾ ಅಂತ ಎದೆ ಒಡ್ಕಂಡು ಕೂರ್ತಿದ್ದೆ. ಅವ್ರು ನೋಡಿ, ನಾಕ್ ಕಾಸಲ್ಲಿ ಮುಗಿಸ್ಬುಟ್ಟು ಸುಮ್ಕೆ ಮನೀಗೋದ್ರು. ಎಲ್ಲಾರ ಮುಂದೆ ನನ್ ರಟ್ಟೆ ಹಿಡ್ದು, ಸುಳ್ಳ್ ಯಾಕ್ ಏಳ್ತೀಯೋ ದೊಡ್ಡ ಅಂದಿದ್ರೆ? ಅವತ್ಗೇ ತೀರ್ತಿತ್ತು. ನಾಚ್ಕೆ ಪಡ್ತಿದ್ದೆ, ಕಾಲ್ ಕಟ್ಕಂತಿದ್ದೆ, ಕುದ್ರೇನೂ ಕೊಡ್ತಿದ್ದೆ. ನನ್ ತಪ್ನ ನನ್ ಕೈಯಿಂದ ಕಿತ್ಕಂಡ್ರಲ್ಲ.”

“ನಿಮ್ಮ ಒಳ್ಳೇದಕ್ಕೇ…” ಎಂದರು ಶ್ರೀರಂಗಮ್ಮ.

“ಒಳ್ಳೇದು,” ಎಂದರು ದೊಡ್ಡಯ್ಯ. ಕೋಲನ್ನು ಇನ್ನೊಮ್ಮೆ ನೆಲಕ್ಕೆ ಕುಟ್ಟಿದರು.

ಹಂಸಾಳಿಗೆ ವಿಚಿತ್ರವೆನಿಸಿತು. ಇಷ್ಟು ವರ್ಷ ಯಾರ ಮೇಲೆ ಹಲ್ಲು ಕಡಿದಿದ್ದಳೋ ಅವರೇ ಈಗ ಅವಳ ಮಾತನ್ನು ಆಡುತ್ತಿದ್ದರು. ಅವಳ ಸಿಟ್ಟು ಎದುರಿಗಿದ್ದ ಮುದುಕರನ್ನು ಬಿಟ್ಟು, ಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಶಾಂತವಾಗಿ ನೋಡುತ್ತಿದ್ದ ತಂದೆಯ ಚಿತ್ರದ ಕಡೆ ತಿರುಗಿತು. ಒಳ್ಳೆಯವರ ಮೇಲೆ ಬರುವ ಸಿಟ್ಟು ಬಹಳ ಕಷ್ಟದ್ದು, ಅದನ್ನು ಇಳಿಸಲು ಜಾಗವೇ ಸಿಗುವುದಿಲ್ಲ. ತಂದೆ ದೇವರನ್ನು ಕಾಪಾಡಿದ್ದರು, ಅಂಗಡಿಯವನನ್ನು ಕಾಪಾಡಿದ್ದರು, ತೊಟ್ಟಿಲಿನ ಕೂಸನ್ನು ಕಾಪಾಡಿದ್ದರು. ಎಲ್ಲರನ್ನೂ ಕಾಪಾಡಲು ಅವರಿಗೆ ಬೇಕಾದದ್ದು ಹತ್ತು ವರ್ಷದ ಒಂದು ಕೈ. ಆ ಕೈ ಯಾರದೆಂದು ಮಾತ್ರ ಅವರು ಯೋಚಿಸಲಿಲ್ಲ.

“ನನಗೆ ಯಾಕೆ ಹೇಳ್ಲಿಲ್ಲ?” ಎಂದಳು.

“ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ? ಬೀದಿಗೆಲ್ಲ ಸಾರ್ತಿದ್ದೆ. ಬಾಯಿಬಿಟ್ರೆ ಕಾಣಿಕೆಯ ಫಲ ಹೋಗುತ್ತೆ ಅಂದ್ರು ನಿಮ್ಮಪ್ಪ.”

“ಆಗ ಹತ್ತು ವರ್ಷ. ಇಪ್ಪತ್ತಾದಾಗ? ಮೂವತ್ತಾದಾಗ? ಅಪ್ಪನ ಸಮಾರಾಧನೆ ದಿನ ಊಟಕ್ಕೆ ಕೂತೋರು ನಕ್ಕಾಗ ನೀನು ಅಲ್ಲೇ ತುಪ್ಪ ಬಡಿಸ್ತಾ ಇದ್ದೆ ಅಮ್ಮ.”

“ನೀನು ಕೇಳ್ಲಿಲ್ಲ. ಮರೆತಿದ್ದೀಯ ಅಂದ್ಕೊಂಡೆ.”

“ಇಡೀ ಬೀರು ತುಂಬ ಇಟ್ಕೊಂಡಿದ್ದೀನಿ. ಮರೆತೋರು ಹಾಗೆ ಇಟ್ಕೋತಾರಾ?”

ಶ್ರೀರಂಗಮ್ಮ ಬೀರುವಿನ ಕಡೆ ನೋಡಿದರು. ಆ ಕುದುರೆಗಳು ಏನೆಂದು ಈಗ ಮೊದಲ ಸಲ ತಿಳಿದವರ ಹಾಗೆ ಅವರ ಮುಖ ಬಿಳಿಚಿಕೊಂಡಿತು.

ದೊಡ್ಡಯ್ಯ ಬಾಗಿಲ ಕಡೆ ತಿರುಗಿದರು. “ಬಸವೇಶ, ಆ ಡಬ್ಬ ಯಾರ್ಗೂ ಮಾರಂಗಿಲ್ಲ. ಒಳೆನರಸೀಪುರಕ್ ನಡಿ. ಪೇಟೆ ಬೀದೀಲಿ ನಿಂತ್ಕಂಡು, ಯಾಕೆ ಅಂತ ಬಾಯ್ಬುಟ್ಟು ಏಳಿ, ಕಂಡ್ ಮಕ್ಳಿಗೆಲ್ಲ ನನ್ ಕೈಯಾರೆ ಕೊಡ್ತೀನಿ. ಆಮ್ಯಾಕೆ ಸ್ವಾಮಿ ತಾವ ಓಗಿ ನನ್ ಕಾಣ್ಕೆ ನಾನೇ ಆಕ್ತೀನಿ.” ಹಂಸಾಳ ಮುಖ ನೋಡಿದರು. “ನೀನೂ ಬಾರವ್ವ. ನೀನ್ ಮುಂದಿದ್ರೆ ನಂಗೊಂದ್ ಧೈರ್ಯ.”

“ಬರಲ್ಲ,” ಎಂದಳು ಹಂಸ. “ನಿಮ್ಮ ಹೆಸರಲ್ಲಿ ನಾನು ಒಂದು ಸಲ ಹೋಗಿ ಬಂದಾಗಿದೆ.”

ಮುದುಕರು ಅದನ್ನು ನುಂಗಿಕೊಂಡರು. “ಸರಿ ಅಂದೆ ಕಣವ್ವ,” ಎಂದು ಕೈಮುಗಿದು, ಮಗನ ಹೆಗಲು ಹಿಡಿದು ಮೆಟ್ಟಿಲಿಳಿದರು. ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು.

ಮನೆಯಲ್ಲಿ ಇಬ್ಬರೇ ಉಳಿದರು. ಶ್ರೀರಂಗಮ್ಮ ಪುಸ್ತಕವನ್ನು ಮಂದಾಸನದ ಪಕ್ಕಕ್ಕಿಟ್ಟು ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿದರು. “ಹೊತ್ತಾಯ್ತು. ಬೆಳಿಗ್ಗೆ ಏನೂ ತಿಂದು ಹೋಗಿಲ್ಲ ನೀನು. ಸ್ವಲ್ಪ ಅವಲಕ್ಕಿ…”

“ಅಮ್ಮ. ಹೇಳು.”

“ಏನು ಹೇಳ್ಲಿ? ಎಲ್ಲ ಹೇಳಾಯ್ತಲ್ಲೇ. ನಿಮ್ಮಪ್ಪ…”

“ಅಪ್ಪನ ವಿಷಯ ಅಲ್ಲ. ದೊಡ್ಡಯ್ಯನವರ ವಿಷಯ ಅಲ್ಲ. ಸ್ವಾಮಿ ವಿಷಯಾನೂ ಬೇಡ. ನನ್ನ ವಿಷಯ ಹೇಳು.”

“ಯಾರಿಗೆ ಹೇಳೋದೆ ಈಗ? ಆವತ್ತು ನಿಂತು ನೋಡಿದೋರಲ್ಲಿ ಯಾರು ಉಳಿದಿದ್ದಾರೆ?”

“ನಾನು ಉಳಿದಿದ್ದೀನಿ.”

ಶ್ರೀರಂಗಮ್ಮ ಅಡುಗೆಮನೆಯ ಬಾಗಿಲವಾಡ ಹಿಡಿದು ನಿಂತರು. ವಿಷ್ಣುಸಹಸ್ರನಾಮವನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ನಾಲಿಗೆ ನಾಲ್ಕು ಮಾತಿಗೆ ತಡವರಿಸಿತು.

“ನನ್ನ ಮಗಳು ಸುಳ್ಳು ಹೇಳಿರ್ಲಿಲ್ಲ.”

“ಇನ್ನೊಂದು ಸಲ.”

“ನನ್ನ ಮಗಳು ಸುಳ್ಳು ಹೇಳಿರ್ಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ.”

ಎರಡನೆಯ ಮಾತನ್ನು ಹಂಸ ಕೇಳಿರಲಿಲ್ಲ, ಅದು ತಾನಾಗಿ ಬಂತು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ತಾಯಿಯ ಎದುರಿಗೆ ಕೂತಳು.

“ಇನ್ನೊಂದು ಸಲ,” ಎಂದಳು.

ಮೂರನೆಯ ಸಲ ಹೇಳುವಾಗ ಶ್ರೀರಂಗಮ್ಮನ ದನಿ ಒಡೆಯಿತು. ಹಂಸ ಸಾಕು ಅನ್ನಲಿಲ್ಲ.